ಎಡಕ್ಕ ವಾಲಿದ ಗೆರಿ

ಐದೂವರಿಗೆ ಬಾಗಿಲಾ ಹಾಕೂದು ನನ್ನ ಕೆಲಸ.
ಹತ್ತೊಂಬತ್ತು ವರ್ಷ ಹಾಕೇನಿ.
ಇವತ್ತು ಐದೂವರಿಗೇ ತಗೀ ಅಂದ್ರು.

ಗುಮ್ಮಟದ ಮುಂದಿನ ಈ ನಗಾರಖಾನಿ
ಒಂದು ಕಾಲಕ್ಕ ಇಡೀ ವಿಜಾಪುರಕ್ಕ ಹೊತ್ತು ಹೇಳತಿತ್ತಂತ;
ಈಗ ಸೆಲ್ಲು ಹೋದ ಗ್ವಾಡಿ ಗಡಿಯಾರಕ್ಕ
ನಾನಽ ಹೊತ್ತು ಹೇಳಬೇಕು.

ಪರ್ಷಿ ಮ್ಯಾಲ ಜಮಖಾನಿ, ಜಮಖಾನಿ ಮ್ಯಾಲ ಬಿಳೀ ಕುರ್ಚಿ,
ಕಮಾನಿಗೆ ನೀಲಿ ದೀಪ.
ಮುನ್ನೂರರ ಟಿಕೀಟು, ಮಾತು ಮೇಳ ಊಟ ಎಲ್ಲಾ ಕೂಡಿ.
ಬಾವಲಿಗೋಳಿಗೆ ಯಾರೂ ತಿಳಿಸಿರಲಿಲ್ಲ;
ಎರಡು ಸುತ್ತು ಹೊಡದು, ಸಿಟ್ಟಾಗಿ, ಹೊರಗ ಹೋದ್ವು.

ಮೊದಲು ಹೊರ್ತಿ ಸಂಗಪ್ಪ ಭಜಂತ್ರಿಯ ಶಹನಾಯಿ.
ಇವನ ಮುತ್ತ್ಯಾನ ಮುತ್ತ್ಯಾ ಇದಽ ಮಾಳಗಿ ಮ್ಯಾಲ ಊದತಿದ್ದ
ಅಂತ ಮೈಕಿನ್ಯಾಗ ಅಂದ್ರು.
ನೀರು ಕೊಡಾಕ ಹೋದಾಗ ನಾನು ಕೇಳಿದರ,
'ಯಾರಿಗ್ಗೊತ್ತರಿ, ಮುತ್ತ್ಯಾನ ಹೆಸರಽ ನನಗ ನೆನಪಿಲ್ಲ' ಅಂದ,
ಪೀಪಿ ನಾಲಿಗಿ ಮ್ಯಾಲಿಟ್ಟು ತೋಯಿಸಿಕೋತ.
ಆದ್ರ ಊದಿದಾಗ
ಕಪಾಟಿನ ಗಾಜು ಎಲ್ಲಾ ಸಣ್ಣಗ ನಡುಗಿದ್ವು.
ನನ್ನ ಕೈಯಾಗಿನ ಕೀಲಿ ಗೊಂಚಲಾನೂ.

ಆಮ್ಯಾಲ ಚರ್ಚಾ. ಬ್ಯಾನರಿನ್ಯಾಗ ದೊಡ್ಡದಾಗಿ: ಈ ಕಲ್ಲು ಯಾರದು?
ಕಲ್ಲು ಅಂದ್ರ ಆರನೇ ನಂಬರಿನ ವೀರಗಲ್ಲು.
ಡೋಣಿ ದಂಡಿಯಿಂದ ಟ್ರ್ಯಾಕ್ಟರಿನ್ಯಾಗ ಮಲಗಿ ಬಂದದ್ದು,
ಕೆಳಗ ಕುದರಿ, ನಡುವ ಅಪ್ಸರೇರು, ಮ್ಯಾಲ ಲಿಂಗ,
ಬಲಗಡಿ ಅಂಚಿಗೆ ಹದಿನೇಳು ಗೆರಿ.

ಧಾರವಾಡದ ಸರ್ ಅಂದ್ರು: ಹದಿನೇಳು ಕಾಳಗದ ಲೆಕ್ಕ.
ಪುಣೇದಿಂದ ಬಂದ ಬಾಯಾರು ಅಂದ್ರು: ಲೆಕ್ಕ ಅಲ್ಲ, ಆಣಿ;
ಹೊಂಟ ವೀರರು ಕತ್ತಿ ತಾಗಿಸಿ ಮಾತು ಕೊಟ್ಟದ್ದು.
ವಕೀಲರು ಗೆರಿ ಬಿಟ್ಟು ಕಾಯ್ದೆ ಹಿಡದ್ರು:
ತಿರುಗಿ ಊರಿಗೆ ಕೊಟ್ರ ಊರವರು ಜ್ವಾಪಾನ ಮಾಡ್ತಾರೇನು?
ಚಪ್ಪಾಳಿ.
ಎಲ್ಲಾರೂ ಛಲೋ ಮಾತಾಡಿದ್ರು, ಸುಳ್ಳ ಹೇಳಬಾರದು.
ನನಗೂ ಎರಡು ಸಲ ಹೌದು ಅನಸ್ತು, ಎರಡೂ ಕಡಿಗೆ.

ಆವಾಗ ರೊಟ್ಟಿ ಬುಟ್ಟಿ ಹೊತ್ತು ಬಂಗಾರೆವ್ವ
ನನ್ನ ಬಾಜೂಕ ಬಂದು ನಿಂತ್ಲು.
ಹಿಂದ ಎಣಗಾಯಿ, ಶೇಂಗಾ ಹಿಂಡಿ, ಕೆನಿಮೊಸರು,
ಮಾತು ಮುಗಿಯೂತನಕ ಬಡಸಬ್ಯಾಡ ಅಂದಿದ್ರು.
ಕಲ್ಲು ನೋಡಿದ್ಲು. ಮತ್ತ ನೋಡಿದ್ಲು.
ಸೆರಗ ಬಾಯಿಗೆ ಹಚ್ಚಿ ನಕ್ಕಳು.

'ಕುಡಗೋಲ ಮಸದದ್ದರೀ ಅದು.
ನಮ್ಮ ಅಗಸಿ ಮುಂದ ಇತ್ತು. ಸುಗ್ಗಿಗೆ ಹೊಂಟವರು
ಉಗುಳು ಹಚ್ಚಿ ನಾಕು ಸಲ ತಿಕ್ಕಿ ಹೋಗ್ತಿದ್ರು.
ಅಲ್ಲಿ, ಕೆಳಗಿಂದ ಮೂರನೇದು, ಎಡಕ್ಕ ವಾಲೇತಿ ನೋಡ್ರಿ,
ನಮ್ಮವ್ವಂದು. ಆಕಿ ಎಡಚಿ.'

ನೋಡಿದೆ. ಹದಿನಾರು ಗೆರಿ ಒಂದು ಕಡಿ.
ಒಂದಽ ಒಂದು ಎಡಕ್ಕ.
ಇಷ್ಟು ವರ್ಷ ಬಟ್ಟೀಲೆ ಒರಸೇನಿ, ಕಂಡಿರಲಿಲ್ಲ.

'ಮೈಕ್ ಕೇಳಲೇನವ್ವ?'
'ಬ್ಯಾಡೋ ಯಪ್ಪಾ, ರೊಟ್ಟಿ ಮೆತ್ತಗಾಗ್ತಾವ.'

ಸರ್ ನಾಕು ರೊಟ್ಟಿ ಉಂಡ್ರು.
ಇದಽ ನಮ್ಮ ಪರಂಪರಾ ಅಂತ ಎಣಗಾಯಿ ಫೋಟೋ ತಗದ್ರು,
ಬಡಸೋ ಕೈ ಅಡ್ಡ ಬಂತು, ಮತ್ತೊಮ್ಮೆ ತಗದ್ರು.

ಮಂದಿ ಹೋದ ಮ್ಯಾಲ ಬುಟ್ಟಿ ತಗೊಳ್ಳಾಕ ಬಂದಾಕಿ
'ಒಮ್ಮೆ ಮುಟ್ಲೇನರಿ?' ಅಂದ್ಲು.
ಮುಟ್ಟಬ್ಯಾಡ್ರಿ ಅನ್ನೂದಕ್ಕಽ ನನಗ ಪಗಾರ.
ಫ್ಯೂಜ್ ನೋಡಿ ಬರ್ತೀನಿ ಅಂತ ಆ ಕಡೆ ಹೋದೆ.
ಫ್ಯೂಜಿಗೆ ಏನೂ ಆಗಿರಲಿಲ್ಲ.

ಬಂದಾಗ ಹೆಬ್ಬಟ್ಟು ಗೆರ್ಯಾಗ ಇಟ್ಟು ನಿಂತಿದ್ಲು,
ಕುಡಗೋಲಿನ ಬಾಯಿ ಮ್ಯಾಲ ಹರಿತ ನೋಡೋರ ಹಂಗ.
'ಭಾಳ ಜ್ವಾಪಾನ ಮಾಡೀರಿ' ಅಂದ್ಲು.
'ನಮ್ಮಲ್ಲೇ ಇದ್ದಿದ್ರ ಈಟೊತ್ತಿಗೆ
ಇನ್ನಾ ನಾಕು ಗೆರಿ ಬಿದ್ದಿರತಿದ್ವು.'

ಹೊಗಳಿಕಿಯೋ, ಬೈಗಳವೋ?
ಕೇಳೂದ್ರಾಗ ತಾಳಿಕೋಟಿ ಕಡೀ ಬಸ್ಸಿಗೆ ಹೊತ್ತಾತಂತ
ಬುಟ್ಟಿ ತಲೀಮ್ಯಾಲಿಟ್ಟು ನೀಲಿ ಕಮಾನು ದಾಟಿದ್ಲು.

ಕೀಲಿ ಹಾಕಿದೆ. ಒಂಬತ್ತು ನಲವತ್ತು.
ರಿಜಿಸ್ಟರಿನ್ಯಾಗ ಬರಿಯಾಕ ಹೋದ್ರ
ಬಾಗಿಲು ಹಾಕಿದ ಹೊತ್ತು, ಐದೂವರಿ ಅಂತ,
ಮೊದಲಽ ಅಚ್ಚಾಗಿತ್ತು.